ಚೀಟಿ ಬೇಡದ ಬೆಳಕು

ಬಲೆಯಿಂದ ಆಗಷ್ಟೇ ಬಿಡಿಸಿದ ಬಂಗುಡೆಗೆ ಮೀನಿನ ವಾಸನೆ ಇರುವುದಿಲ್ಲ. ಎಳೆಯ ಮುಳ್ಳುಸೌತೆಯನ್ನು ಮುರಿದಾಗ ಬರುತ್ತದಲ್ಲ, ಆ ತಣ್ಣನೆಯ ಹಸಿರು ವಾಸನೆ ಇರುತ್ತದೆ. ಜಲಜ ಇದನ್ನು ಕಲಿತದ್ದು ಆರನೆಯ ವಯಸ್ಸಿನಲ್ಲಿ, ಉಪ್ಪುಂದದ ಕಡಲ ದಂಡೆಯಲ್ಲಿ, ಅಮ್ಮನ ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು. ಅಮ್ಮ ಒಂದೊಂದೇ ಮೀನಿನ ಕಿವಿರು ಎತ್ತಿ ಮಗಳ ಮೂಗಿಗೆ ಹಿಡಿಯುತ್ತಿದ್ದಳು. ಸೌತೆ ಅಂದರೆ ಬುಟ್ಟಿಗೆ, ಅಲ್ಲ ಅಂದರೆ ಬೇರೆ ರಾಶಿಗೆ. ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಜಲಜಳಿಗೆ ಈಗ ಐವತ್ತೆಂಟು. ಅಮ್ಮನ ಮುಖ ನೆನಪು ಮಾಡಿಕೊಳ್ಳಬೇಕಾದರೂ ಮೊದಲು ಆ ವಾಸನೆ ಬಂದು, ಅದರ ಹಿಂದಿನಿಂದ ಮುಖ ಬರುತ್ತದೆ.

ಆ ಮೂಗೇ ಅವಳಿಗೆ ಅನ್ನ ಕೊಟ್ಟದ್ದು. ತ್ರಾಸಿಯಲ್ಲಿ ಹೆದ್ದಾರಿಯ ಬದಿಗೆ ಜಿತೇಂದ್ರನ ಮೀನು ಶೆಡ್ಡು ಇದೆ. ದೋಣಿಗಳಿಂದ ಬಂದ ಮೀನು ಅಲ್ಲಿ ಇಳಿದು, ಐಸು ಹಾಕಿಸಿಕೊಂಡು, ಕುಂದಾಪುರ, ಬ್ರಹ್ಮಾವರದ ಕಡೆಗೆ ಹೊರಡುತ್ತದೆ. ಹದಿನೆಂಟು ವರ್ಷದಿಂದ ಅಲ್ಲಿ ಮೀನು ನೋಡಿ ಹೇಳುವವಳು ಜಲಜ. ಬಾಕ್ಸುಗಳು ಸಾಲಾಗಿ ಕೂತ ಮೇಲೆ ಜಿತೇಂದ್ರ ಸೊಂಟದ ಮೇಲೆ ಕೈಯಿಟ್ಟು ಒಂದೇ ಮಾತು ಕೇಳುತ್ತಿದ್ದ: "ಜಲಜಕ್ಕ, ಎಂತ?"

ಅವಳು ಸಾಲಿನ ಉದ್ದಕ್ಕೂ ನಡೆದು, ಬಗ್ಗಿ, ಒಂದೆರಡು ಕಿವಿರು ಎತ್ತಿ, "ಹೋಯ್ಲಿ" ಎನ್ನುತ್ತಿದ್ದಳು. ಇಲ್ಲವೇ "ಬ್ಯಾಡ". ಅಲ್ಲಿಗೆ ಮುಗಿಯಿತು. ಅವಳು ಹೋಯ್ಲಿ ಎನ್ನದೆ ಶೆಡ್ಡಿನ ಮುಂದಿನ ಪಿಕಪ್ಪು ಸ್ಟಾರ್ಟ್ ಆಗುತ್ತಿರಲಿಲ್ಲ. ಆ "ಎಂತ?" ಎಂಬ ಒಂದು ಪದಕ್ಕಾಗಿ ಜ್ವರ ಇದ್ದ ದಿನವೂ ಅವಳು ಬಸ್ಸು ಹಿಡಿದು ಬಂದದ್ದಿದೆ.

ಈ ಸಲ ಮಳೆಗಾಲ ಕಳೆದು ದೋಣಿಗಳು ಕಡಲಿಗೆ ಇಳಿದು ಎರಡು ತಿಂಗಳಾಗುವಾಗ ಶೆಡ್ಡಿಗೆ ಧನ್ಯಶ್ರೀ ಬಂದಳು. ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುವ ಹುಡುಗಿ. ಬುತ್ತಿ ಕ್ಯಾರಿಯರಿನಷ್ಟೇ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ, ಒಂದು ಲ್ಯಾಪ್‌ಟಾಪು, ನೂರಾರು ಸಣ್ಣ ಕೊಳವೆಗಳು. ಹತ್ತು ದಿನ ಇಲ್ಲಿಯ ಮೀನನ್ನು ಪರೀಕ್ಷೆ ಮಾಡುತ್ತಾಳೆ ಎಂದು ಜಿತೇಂದ್ರ ಹೇಳಿದ. ಹೇಳುವಾಗ ಅವಳನ್ನು ಮೇಡಂ ಎಂದ.

ಯಾರೋ ಪೇಟೆಯ ಹುಡುಗಿಯಾಗಿದ್ದರೆ ಜಲಜ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಆದರೆ ಇವಳು ಉಪ್ಪುಂದದ ಬಾಗಿಯ ಮಗಳು. ಬಾಗಿಯ ಬುಟ್ಟಿಯೂ ಜಲಜಳ ಬುಟ್ಟಿಯೂ ಮೀನು ಮಾರ್ಕೆಟ್ಟಿನಲ್ಲಿ ಹನ್ನೆರಡು ವರ್ಷ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಶಾಲೆಗೆ ರಜೆ ಇದ್ದಾಗ ಈ ಹುಡುಗಿ ಎರಡು ಬುಟ್ಟಿಗಳ ನಡುವೆ ಕೂತಿರುತ್ತಿತ್ತು. ಕಿವಿರು ಎತ್ತಿ ಮೂಸುವುದನ್ನು ಅದಕ್ಕೆ ಕಲಿಸಿದವಳು ಜಲಜ; ಬಾಗಿಗೆ ಅಂಥದಕ್ಕೆಲ್ಲ ತಾಳ್ಮೆ ಇರಲಿಲ್ಲ. ಜಲಜಳ ಸ್ವಂತ ಮಗಳಿಗೆ ಮೀನಿನ ವಾಸನೆ ಕಂಡರೆ ಆಗುತ್ತಿರಲಿಲ್ಲ. ಅವಳು ಹತ್ತನೆಯ ತರಗತಿ ಮುಗಿಸಿ ಕುಂದಾಪುರದ ಬಟ್ಟೆ ಅಂಗಡಿಗೆ ಸೇರಿದಳು. ಬಾಗಿಯ ಮಗಳು ಓದುತ್ತಲೇ ಹೋದಳು. ಈಗ ಮಂಡಿನೋವಿನಿಂದ ಮನೆಯಲ್ಲೇ ಕೂತಿರುವ ಬಾಗಿ, ಕೂತಲ್ಲಿಂದಲೇ ಗೆದ್ದ ಹಾಗಾಯಿತು.

ಮೊದಲ ದಿನವೇ ಧನ್ಯಶ್ರೀ ಬಂದು, "ದೊಡ್ಡಮ್ಮ, ಅಮ್ಮ ನಿಮ್ಮ ಸುದ್ದಿ ಭಾರೀ ಕೇಂಡಿರ್" ಎಂದಳು. ಜಲಜ ತಲೆಯಾಡಿಸಿದಳು. ಹುಡುಗಿ ತನ್ನ ಮೇಜನ್ನು ಒಳಕೋಣೆಯಲ್ಲಿ ಇಡಿಸುವಾಗ ಫ್ಯಾನಿನ ಗಾಳಿ ಬಾಗಿಲ ಬಳಿಯ ಜಲಜಳ ಸ್ಟೂಲಿಗೆ ತಾಗಲಿ ಎಂದು ಒಂದು ಮಾರು ಹಿಂದಕ್ಕೆ ಎಳೆಸಿದ್ದನ್ನು ಅವಳು ಕಂಡಳು. ಕಂಡೂ, ಇದೂ ಓದಿದವರು ಮಾಡುವ ನಾಟಕವಿರಬೇಕು ಎಂದುಕೊಂಡಳು.

ಆ ಪೆಟ್ಟಿಗೆಯ ಕತೆಯನ್ನು ಧನ್ಯಶ್ರೀ ಎಲ್ಲರಿಗೂ ಬಿಡಿಸಿ ಹೇಳಿದಳು. ಒಳಗೆ ಒಂದು ಗಾಜಿನ ಬಿಲ್ಲೆ, ಪ್ರತಿ ಪರೀಕ್ಷೆಗೂ ಹೊಸದು. ಅದರ ಮೇಲೆ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಬಂಗಾರದ ಲೇಪ. ಬಂಗಾರದ ಮೇಲೆ ಕಣ್ಣಿಗೆ ಕಾಣದ ಹಿಡಿಕೆಗಳನ್ನು ಕೂರಿಸಿರುತ್ತಾರೆ. ಮೀನಿನ ಚೂರನ್ನು ಅರೆದು, ಸೋಸಿ, ಆ ನೀರನ್ನು ಬಂಗಾರದ ಮೇಲೆ ಹರಿಸಿದರೆ ಅದರಲ್ಲಿರುವ ಹಿಸ್ಟಮಿನ್ ಎಂಬ ವಿಷದ ಅಂಶ ಮಾತ್ರ ಹಿಡಿಕೆಗೆ ಸಿಕ್ಕಿಕೊಳ್ಳುತ್ತದೆ. ಕೆಳಗಿನಿಂದ ಬೆಳಕು ಬಿಟ್ಟಿರುತ್ತಾರೆ. ಬಂಗಾರದ ಮೇಲೆ ಏನಾದರೂ ಬಂದು ಕೂತರೆ ಬೆಳಕು ತಿರುಗಿ ಬರುವ ಕೋನ ಒಂದು ಎಳೆಯಷ್ಟು ಬದಲಾಗುತ್ತದೆ. ಅಷ್ಟು ಸಾಕು, ಲ್ಯಾಪ್‌ಟಾಪಿನ ಗೆರೆ ಮೇಲೇರುತ್ತದೆ.

"ಹಿಂದೆಲ್ಲ ಹುಡುಕುವ ವಸ್ತುವಿಗೆ ಒಂದು ಬಣ್ಣ ಕಟ್ಟಬೇಕಿತ್ತು, ಲೇಬಲ್ ಹಚ್ಚಿದ ಹಾಗೆ" ಎಂದಳು ಹುಡುಗಿ ಜಿತೇಂದ್ರನಿಗೆ, ಪೇಟೆಯ ಕನ್ನಡದಲ್ಲಿ. "ಇದಕ್ಕೆ ಲೇಬಲ್ ಬೇಡ. ಬೆಳಕೇ ಹೇಳುತ್ತದೆ."

ಬಾಕ್ಸು ಹೊರುವ ಸೂರ, ನಲವತ್ತರ ಗಂಡಸು, ಬಾಯಿ ಸುಮ್ಮನಿರದವನು, ಜಲಜಳ ಕಡೆ ತಿರುಗಿದ. "ಕಾಣಿ ಜಲಜಕ್ಕ, ಮಿಷಿನಿಗೂ ಬಂಗಾರ ಹಾಕಿರಂಬ್ರು. ನಿಮ್ಮ ಮೂಗ್ತಿಗೆ ಜೋಡಿ ಸಿಕ್ತ್."

"ನನ್ನ ಮೂಗಿಗೂ ಲೇಬಲ್ ಬ್ಯಾಡ. ಕರೆಂಟೂ ಬ್ಯಾಡ" ಎಂದಳು ಜಲಜ. ಎಲ್ಲರೂ ನಕ್ಕರು. ಧನ್ಯಶ್ರೀಯೂ ನಕ್ಕಳು. ಅವಳು ನಕ್ಕದ್ದು ಮಾತ್ರ ಜಲಜಳಿಗೆ ಸರಿಬರಲಿಲ್ಲ.

ಮೂರನೆಯ ದಿನ ಅದು ನಡೆಯಿತು. ಜಲಜ ಹೋಯ್ಲಿ ಎಂದ ಒಂದು ಬಾಕ್ಸಿನ ಮೀನಿಗೆ ಪೆಟ್ಟಿಗೆಯ ಗೆರೆ ಸರ್ರನೆ ಏರಿತು. ಜಿತೇಂದ್ರ ಬಂದು ಲ್ಯಾಪ್‌ಟಾಪು ನೋಡಿದ, ಬಾಕ್ಸು ನೋಡಿದ, ಆಮೇಲೆ ಸೂರನಿಗೆ ಅದನ್ನು ಬದಿಗಿಡಲು ಹೇಳಿದ. ಜಲಜಳ ಕಡೆ ನೋಡಲಿಲ್ಲ. ಅವಳು ಮತ್ತೆ ಹೋಗಿ ಮೂರು ಮೀನಿನ ಕಿವಿರು ಎತ್ತಿ ಮೂಸಿದಳು. ಸೌತೆಯಷ್ಟು ಅಲ್ಲದಿದ್ದರೂ ಒಳ್ಳೆಯ ವಾಸನೆಯೇ.

"ನಿಮ್ಮ ಮೂಗ್ ತಪ್ಲಿಲ್ಲೆ ದೊಡ್ಡಮ್ಮ" ಎಂದಳು ಹುಡುಗಿ ಮೆಲ್ಲಗೆ, ಆದರೆ ಜಿತೇಂದ್ರನಿಗೂ ಕೇಳುವ ಹಾಗೆ. "ಇದಕ್ಕ್ ವಾಸ್ನೆಯೇ ಇಲ್ಲೆ."

ಹಿಡಿದ ಮೀನು ಬಿಸಿಲಲ್ಲಿ ಎರಡು ಮೂರು ಗಂಟೆ ಹಾಗೆಯೇ ಬಿದ್ದರೆ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ, ಆಮೇಲೆ ಎಷ್ಟೇ ಐಸು ಹಾಕಿದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖವೆಲ್ಲ ಕೆಂಪಾಗಿ, ಮೈಯೆಲ್ಲ ದದ್ದು ಎದ್ದು, ಕೆಲವರಿಗೆ ಉಸಿರೇ ಕಟ್ಟುತ್ತದೆ ಎಂದು ವಿವರಿಸಿದಳು. ಜಲಜ ಕೇಳಿಸಿಕೊಂಡಳು. ಅವಳಿಗೆ ಆ ವಿವರಕ್ಕಿಂತ ಆ ಮೆಲುದನಿ ಚುಚ್ಚಿತು. ನಿಮ್ಮ ಮೂಗು ತಪ್ಪಿತು ಎಂದು ಹುಡುಗಿ ಜಗಳಕ್ಕೆ ಬಂದಿದ್ದರೆ ಜಗಳ ಆಡಬಹುದಿತ್ತು. ಕನಿಕರಕ್ಕೆ ಏನು ಉತ್ತರ ಕೊಡುವುದು?

ಮರುದಿನ ಬಾಕ್ಸುಗಳು ಇಳಿದಾಗ ಜಿತೇಂದ್ರ ಸೊಂಟದ ಮೇಲೆ ಕೈಯಿಟ್ಟು, "ಮೇಡಂ, ಎಂತ?" ಎಂದ.

ಬಾಯಿತಪ್ಪಿ ಬಂದದ್ದಿರಬಹುದು. ಕೂಡಲೇ ಅವನೇ ಕಕ್ಕಾಬಿಕ್ಕಿಯಾಗಿ ಜಲಜಕ್ಕನ ಕಡೆಗೂ ತಿರುಗಿದ. ಆದರೆ ಆ ಪದ ಒಂದು ಬಾಯಿಂದ ಹೊರಟು ಬೇರೆ ದಾರಿ ಹಿಡಿದದ್ದನ್ನು ಜಲಜ ತನ್ನ ಎರಡೂ ಕಿವಿಯಿಂದ ಕೇಳಿದ್ದಳು. ಆ ದಿನ ಅವಳು ತಂದ ಅನ್ನ ಅರ್ಧ ಹಾಗೆಯೇ ಮನೆಗೆ ಹೋಯಿತು.

ಆಮೇಲೆ ಹುಡುಗಿ ಮಾಡಿದ್ದೆಲ್ಲ ಅವಳ ಕಣ್ಣಿಗೆ ಮುಳ್ಳಾಯಿತು. ಧನ್ಯಶ್ರೀಯ ಪುಸ್ತಕದಲ್ಲಿ ಬಾಕ್ಸಿನ ನಂಬರು, ಸಮಯ, ಬೆಳಕಿನ ಕೋನ ಎಂದೆಲ್ಲ ಗೆರೆ ಎಳೆದ ಅಂಕಣಗಳ ಪಕ್ಕದಲ್ಲಿ "ಜ. ದೊ." ಎಂಬ ಇನ್ನೊಂದು ಅಂಕಣವಿತ್ತು. ಜಲಜ ಹೇಳಿದ ಪ್ರತಿಯೊಂದು "ಹೋಯ್ಲಿ", "ಬ್ಯಾಡ" ಅಲ್ಲಿ ಬರೆದಿತ್ತು. ಜ. ದೊ. ಅಂದರೆ ಜಲಜ ದೊಡ್ಡಮ್ಮ. ತನ್ನ ತಪ್ಪುಗಳನ್ನು ಪಟ್ಟಿ ಮಾಡುತ್ತಿದ್ದಾಳೆ ಎಂದು ಅವಳು ಗಟ್ಟಿ ಮಾಡಿಕೊಂಡಳು. ಇನ್ನೊಂದು ದಿನ ಹುಡುಗಿ ಫೋನಿನಲ್ಲಿ ಯಾರೋ ಪ್ರೊಫೆಸರರಿಗೆ, ತಾಜಾ ಬಂಗುಡೆಗೆ ಮುಳ್ಳುಸೌತೆಯ ವಾಸನೆ ಇರುತ್ತದೆ ಸರ್, ಎನ್ನುತ್ತಿದ್ದಳು. ಅದು ಅಮ್ಮನ ಮಾತು. ಅಮ್ಮನಿಂದ ತನಗೆ ಬಂದದ್ದು ಅದೊಂದೇ ಆಸ್ತಿ. ಅದನ್ನೂ ಇವಳು ಇಂಗ್ಲಿಷಿನ ನಡುವೆ ಸೇರಿಸಿ ದಾಟಿಸಿಬಿಟ್ಟಳು. ಫೋನು ಇಟ್ಟ ಮೇಲೆ ಹುಡುಗಿ ಈ ಕಡೆ ನೋಡಿ ಸಂತೋಷದಿಂದ ಏನೋ ಹೇಳಲು ಹೊರಟಳು. ಜಲಜ ಎದ್ದು ಐಸು ಒಡೆಯುವ ಕಡೆಗೆ ಹೋದಳು.

ಎಂಟನೆಯ ದಿನ ಬ್ರಹ್ಮಾವರದ ಒಂದು ಕಲ್ಯಾಣ ಮಂಟಪದಲ್ಲಿ ಬೀಗರೂಟ. ಅಡುಗೆಯವರಿಗೆ ಹನ್ನೆರಡು ಬಾಕ್ಸು ಬಂಗುಡೆ ಹೋಗಬೇಕು. ಒಂಬತ್ತಕ್ಕೆ ಪಿಕಪ್ಪು ಹೊರಟರೆ ಸರಿಯಾಗುತ್ತದೆ. ಬೆಳಿಗ್ಗೆ ಐದೂವರೆಗೆ ಮೀನು ಬಂತು. ಆ ದಿನ "ಎಂತ?" ಎಂಬುದು ಜಲಜಳ ಕಡೆಗೇ ಬಂತು, ಅವಳು ಹನ್ನೆರಡನ್ನೂ ನೋಡಿ ಹೋಯ್ಲಿ ಎಂದಳು. ಧನ್ಯಶ್ರೀ ಎಂದಿನಂತೆ ಪ್ರತಿ ಬಾಕ್ಸಿನಿಂದ ಒಂದೊಂದು ಮೀನು ತೆಗೆದು, ಬಾಕ್ಸಿನ ಹಿಡಿಗೆ ಕೆಂಪು ದಾರದಲ್ಲಿ ನಂಬರಿನ ಚೀಟಿ ಕಟ್ಟಿ, ಅದೇ ನಂಬರನ್ನು ಮೀನಿನ ಚೀಲದ ಮೇಲೂ ಬರೆದುಕೊಂಡು ಒಳಗೆ ಹೋದಳು. ಒಂದೊಂದಕ್ಕೆ ಕಾಲು ಗಂಟೆ ಬೇಕು. ಅಷ್ಟರಲ್ಲಿ ಸೂರ ಬಾಕ್ಸುಗಳನ್ನು ಕಟ್ಟೆಯ ಮೇಲಕ್ಕೆ ಎತ್ತಿ ಹೊಸ ಐಸು ಹಾಕತೊಡಗಿದ.

ನೆನೆದ ಚೀಟಿಗಳು ಅವನ ಕೈಗೆ ಅಂಟಿಕೊಳ್ಳುತ್ತಿದ್ದವು. "ಜಲಜಕ್ಕ, ಈ ಚೀಟಿ ಬೇಕಾ? ಮೇಡಮ್ಮೇ ಹೇಳಿರಲೆ, ಲೇಬಲ್ ಬ್ಯಾಡ ಅಂದೇಳಿ."

ಅವನು ನಿಜವಾಗಿಯೂ ಹಾಗೆಯೇ ತಿಳಿದುಕೊಂಡಿದ್ದ. ಜಲಜ ಹಾಗೆ ತಿಳಿದಿರಲಿಲ್ಲ. ಹುಡುಗಿ ಹೇಳಿದ ಲೇಬಲ್ ಬೇರೆ, ಈ ಚೀಟಿ ಬೇರೆ ಎಂದು ಏಳನೆಯ ತರಗತಿ ಓದಿದ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚೀಟಿ ಇಲ್ಲದಿದ್ದರೆ ಪೆಟ್ಟಿಗೆ ಏನು ಹೇಳಿದರೂ ಅದು ಯಾವ ಬಾಕ್ಸಿನ ಮಾತು ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ದಿನ, ಒಂದೇ ದಿನ, ಆ ಬೆಳಕು ಎಲ್ಲರ ಮುಂದೆ ಕಣ್ಣು ಕಾಣದೆ ನಿಲ್ಲಲಿ ಎನ್ನಿಸಿತು ಅವಳಿಗೆ.

"ಅವ್ಳೇ ಹೇಳದ್ ಮೇಲೆ ನನ್ನ ಹತ್ರ ಕೇಂಬುದ್ ಎಂತಕೆ? ತೆಗಿ" ಎಂದಳು.

ಸೂರ ಹನ್ನೆರಡು ದಾರವನ್ನೂ ಕತ್ತರಿಸಿದ. ಚೀಟಿಗಳು ಐಸಿನ ನೀರಿನ ಜೊತೆ ಚರಂಡಿಗೆ ಹೋದವು. ಬಾಕ್ಸುಗಳನ್ನು ಕೈಗೆ ಸಿಕ್ಕಿದ ಹಾಗೆ ಒಂದರ ಮೇಲೊಂದು ಪೇರಿಸಿದ.

ಒಂಬತ್ತಾಗಲು ಇಪ್ಪತ್ತು ನಿಮಿಷ ಇರುವಾಗ ಧನ್ಯಶ್ರೀ ಹೊರಗೆ ಬಂದಳು. ಉಳಿದದ್ದಕ್ಕೆ ಅಡ್ಡಿಯಿಲ್ಲ, ಏಳನೆಯ ನಂಬರು ಮಾತ್ರ ಹೋಗಕೂಡದು ಎಂದಳು. ಗೆರೆ ಇಷ್ಟು ಮೇಲೆ ಹೋದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲವಂತೆ. ಆಮೇಲೆ ಅವಳ ಕಣ್ಣು ಬಾಕ್ಸುಗಳ ಹಿಡಿಗಳ ಮೇಲೆ ಓಡಿತು. ಹನ್ನೆರಡು ಬೋಳು ಹಿಡಿಗಳು.

ಸೂರನಿಗೆ ತಾನು ಮಾಡಿದ್ದು ಏನೆಂದು ಆಗ ಹೊಳೆಯಿತು. ಅವನ ಕಣ್ಣು ಜಲಜಳ ಕಡೆ ಬಂದು, ಒಂದು ಗಳಿಗೆ ನಿಂತು, ನೆಲಕ್ಕೆ ಹೋಯಿತು. "ಲೇಬಲ್ ಬ್ಯಾಡ ಅಂತ್..." ಎಂದಷ್ಟೇ ಹೇಳಿ ನಿಲ್ಲಿಸಿದ. ಬಾಯಿ ಸುಮ್ಮನಿರದ ಸೂರ ಅವಳ ಹೆಸರು ಹೇಳಲಿಲ್ಲ.

ಜಿತೇಂದ್ರ ಅವನ ಮೇಲೆ ಹರಿಹಾಯುವ ಮೊದಲೇ ಧನ್ಯಶ್ರೀ ನಡುವೆ ಬಂದಳು. "ಬೈಬೇಡಿ. ಲೇಬಲ್ ಬ್ಯಾಡ ಅಂದದ್ದ್ ನಾನೇ. ನಾನೇ ಸಮ ಬಿಡ್ಸಿ ಹೇಳ್ಕಿತ್ತ್."

ಹನ್ನೆರಡನ್ನೂ ಮತ್ತೆ ನೋಡಬೇಕೆಂದರೆ ಮೂರು ಗಂಟೆ. ಅಷ್ಟು ಹೊತ್ತೂ ಇರಲಿಲ್ಲ, ಅಷ್ಟು ಬಿಲ್ಲೆಗಳೂ ಇರಲಿಲ್ಲ, ಉಳಿದದ್ದು ಎರಡೇ. ಬ್ರಹ್ಮಾವರದಿಂದ ಅಡುಗೆಯವರ ಫೋನು ಆಗಲೇ ಎರಡು ಸಲ ಬಂದಿತ್ತು. ಹನ್ನೆರಡನ್ನೂ ನಿಲ್ಲಿಸಿದರೆ ಮದುವೆ ಮನೆಯವರ ಮುಂದೆ ಜಿತೇಂದ್ರನ ಮರ್ಯಾದೆ ಹೋಗುತ್ತದೆ. ಅವನು ಅತ್ತಿತ್ತ ನಡೆದ. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಹಳೆಯ ದನಿಯಲ್ಲಿ ಕೇಳಿದ:

"ಜಲಜಕ್ಕ, ಎಂತ?"

ಇಷ್ಟು ದಿನ ಅವಳು ಕಾದದ್ದು ಇದಕ್ಕೇ. ಪಿಕಪ್ಪಿನ ಡ್ರೈವರು, ಸೂರ, ಆ ಹುಡುಗಿ, ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಹೋಯ್ಲಿ ಎಂಬ ಪದ ನಾಲಗೆಯ ತುದಿಗೆ ಬಂದು ಕೂತಿತ್ತು. ಬೆಳಿಗ್ಗೆ ಅವಳೇ ಹೇಳಿದ ಮಾತು. ಇನ್ನೊಮ್ಮೆ ಹೇಳಿದರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಆದರೆ ಅವಳ ಕಣ್ಣಿಗೆ ಬೀಗರೂಟದ ಪಂಕ್ತಿ ಬಂತು. ಬಾಳೆಲೆಯ ಮುಂದೆ ಕೂತ ಯಾವುದೋ ಮಗುವಿನ ಮುಖ ಕೆಂಪಗೆ ಊದುವುದು ಬಂತು. ಮೂಗಿಗೆ ಅದು ಸಿಗುವುದಿಲ್ಲ. ಸಿಗುವುದಿಲ್ಲ ಎಂದು ತನಗೆ ಗೊತ್ತಿದೆ. ಗೊತ್ತಿಲ್ಲದವಳಾಗಿದ್ದರೆ ಎಷ್ಟು ಸುಲಭವಿತ್ತು.

"ನನ್ನ ಮೂಗಿಗ್ ಗೊತ್ತಾತಿಲ್ಲೆ" ಎಂದಳು. ಹದಿನೆಂಟು ವರ್ಷದಲ್ಲಿ ಆ ಶೆಡ್ಡಿನಲ್ಲಿ ಅವಳು ಹೇಳದ ಮಾತು. ಆಮೇಲೆ ಅವಳೇ ಹುಡುಗಿಯ ಕಡೆ ತಿರುಗಿ, "ಏಳನೇ ನಂಬ್ರದ ಮೀನ್ ಇತ್ತಲೆ ಒಳ್ಗೆ? ತಕಂಡ್ ಬಾ" ಎಂದಳು.

ಧನ್ಯಶ್ರೀ ಚೀಲ ತಂದಳು. ಕುತ್ತಿಗೆಯ ಹಿಂದೆ ಒಂದು ಚೂರು ಕತ್ತರಿಸಿದ ಬಂಗುಡೆ. ಜಲಜ ಅದನ್ನು ಮೂಸಲಿಲ್ಲ. ಎಡ ಅಂಗೈ ಮೇಲೆ ಉದ್ದಕ್ಕೆ ಮಲಗಿಸಿ, ಬಲಗೈ ಬೆರಳಿನಿಂದ ಬೆನ್ನನ್ನು ಸವರಿದಳು. ಮೀನು ಐಸಿನಲ್ಲಿ ಮಲಗಿ ಸೆಟೆದರೆ ನೆಟ್ಟಗಿರುತ್ತದೆ. ಐಸಿಲ್ಲದೆ ದೋಣಿಯ ತಳದಲ್ಲಿ ರಾಶಿಯಾಗಿ ಬಿದ್ದು, ಒಂದರ ಮೇಲೊಂದು ಒತ್ತಿಕೊಂಡು ಸೆಟೆದರೆ ಡೊಂಕಾಗುತ್ತದೆ. ಆಮೇಲೆ ಐಸಿಗೆ ಹಾಕಿ ಎಷ್ಟು ನೀವಿದರೂ ಆ ಡೊಂಕು ಪೂರ್ತಿ ಹೋಗುವುದಿಲ್ಲ. ಬುಟ್ಟಿಯಲ್ಲಿ ಮೀನು ಜೋಡಿಸಿದ ಕೈಗೆ ಅದು ಗೊತ್ತು. ನೋಡಲು ಚೆಂದವಿಲ್ಲ, ಗಿರಾಕಿ ಮೂಗು ಮುರಿಯುತ್ತಾರೆ ಎಂದು ಅವಳು ಯಾವಾಗಲೂ ಡೊಂಕು ಮೀನನ್ನು ಅಡಿಗೆ ಹಾಕುತ್ತಿದ್ದಳೇ ಹೊರತು, ಅದು ಬಿಸಿಲಲ್ಲಿ ಬಿದ್ದಿದ್ದ ಗುರುತು ಎಂದು ಯೋಚಿಸಿರಲಿಲ್ಲ.

"ಕಾಣ್, ಬೆನ್ನ್ ಡೊಂಕಾಯ್ತ್. ಮತ್ತೆ ಕುತ್ಗಿ ಹತ್ರ ಬಲೆ ಕಣ್ಣಿನ ಗೆರೆ. ಇದ್ ಬೀಡ್‌ಬಲೆ ಮೀನ್."

ಬೀಡುಬಲೆಯಲ್ಲಿ ಮೀನಿನ ಕುತ್ತಿಗೆ ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಒಂದೊಂದಾಗಿ ಬಿಡಿಸುವಷ್ಟರಲ್ಲಿ ಬಿಸಿಲೇರುತ್ತದೆ. ಹುಡುಗಿ ಹತ್ತಿರ ಬಂದು, ತಾನೂ ಬೆರಳಿಟ್ಟು ನೋಡಿದಳು. ಏಳು ವರ್ಷದವಳಿದ್ದಾಗ ಎರಡು ಬುಟ್ಟಿಗಳ ನಡುವೆ ಕೂತು ಹೀಗೆಯೇ ಬೆರಳಿಡುತ್ತಿದ್ದಳು. ಜಲಜಳಿಗೆ ಅದು ನೆನಪಾಗದೆ ಇರಲಿಲ್ಲ.

ಹತ್ತು ನಿಮಿಷದಲ್ಲಿ ಜಲಜ ಹನ್ನೆರಡು ಬಾಕ್ಸಿನ ಐಸನ್ನೂ ಸರಿಸಿ ಕೈಯಾಡಿಸಿದಳು. ಹತ್ತರಲ್ಲಿ ಮೀನು ನೆಟ್ಟಗಿತ್ತು, ಇಲ್ಲವೇ ಬಲೆಯ ಗೆರೆ ಇರಲಿಲ್ಲ. ಎರಡರಲ್ಲಿ ಮಾತ್ರ ಡೊಂಕೂ ಇತ್ತು, ಗೆರೆಯೂ ಇತ್ತು. ಆ ಎರಡನ್ನು ಬದಿಗೆಳೆಸಿದಳು. ಉಳಿದವನ್ನು ಪಿಕಪ್ಪಿಗೆ ಹೇರಿದರೂ ಜಿತೇಂದ್ರ ಡ್ರೈವರಿಗೆ ಕಾಯಲು ಹೇಳಿದ. ಎರಡು ಬಾಕ್ಸು, ಎರಡು ಬಿಲ್ಲೆ. ಧನ್ಯಶ್ರೀ ಒಳಗೆ ಹೋದಳು. ಜಲಜ ಬಾಗಿಲಲ್ಲಿ ನಿಂತು ಮೊದಲ ಸಲ ಆ ಗೆರೆಯನ್ನು ಪೂರ್ತಿ ನೋಡಿದಳು. ಮೊದಲನೆಯದಕ್ಕೆ ಗೆರೆ ಸ್ವಲ್ಪ ಎದ್ದು ಮಲಗಿತು. ಎರಡನೆಯದಕ್ಕೆ ಏರಿತು, ಏರಿತು, ಪರದೆಯ ನೆತ್ತಿಗೆ ಹೋಗಿ ನಿಂತಿತು. ತನ್ನ ಅಂಗೈ ಹೇಳಿದ್ದನ್ನೇ ಅದೂ ಹೇಳಿತು. ಆದರೆ ಎರಡರಲ್ಲಿ ಯಾವುದು ಎಂದು ಅಂಗೈ ಹೇಳಿರಲಿಲ್ಲ. ಅದಷ್ಟು ಉಳಿದೇ ಉಳಿಯಿತು ಅವಳ ಮನಸ್ಸಿನಲ್ಲಿ.

ಪಿಕಪ್ಪು ಹನ್ನೊಂದು ಬಾಕ್ಸಿನೊಂದಿಗೆ ಒಂಬತ್ತೂವರೆಗೆ ಹೊರಟಿತು. ಕೆಟ್ಟ ಬಾಕ್ಸನ್ನು ಸೂರ ತೆಂಗಿನ ಬುಡದಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ. ಯಾರೂ ಹೇಳದೆಯೇ ಮುಚ್ಚಿದ, ಪಾಪ.

ಶೆಡ್ಡು ತೊಳೆದಾದ ಮೇಲೆ ಜಲಜ ಒಳಕೋಣೆಗೆ ಹೋದಳು. ಹುಡುಗಿ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದಳು.

"ಚೀಟಿ ತೆಗಿ ಅಂದದ್ದ್ ನಾನ್" ಎಂದಳು ಜಲಜ, ಮುನ್ನುಡಿ ಏನೂ ಇಲ್ಲದೆ. "ತಿಳ್ದೇ ಅಂದದ್ದ್."

ಧನ್ಯಶ್ರೀ ಪೆನ್ನು ಕೆಳಗಿಟ್ಟಳು. "ನಿಮ್ಮ ಸ್ವರ ಕೇಂಡಿತ್ ದೊಡ್ಡಮ್ಮ. ಎಂತ ಅಂದೇಳಿ ಹೊರ್ಗ್ ಬಂದ್ ಮೇಲೆ ಗೊತ್ತಾಯ್ತ್."

ಅಂದರೆ, ಎಲ್ಲರ ಮುಂದೆ ತಪ್ಪು ತನ್ನದು ಎಂದಾಗಲೇ ಅವಳಿಗೆ ತಿಳಿದಿತ್ತು. ಜಲಜಳಿಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ, ಇದರಲ್ಲೂ ಇವಳೇ ಮುಂದೆ ಹೋದಳಲ್ಲ ಎಂದು ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಬಾಗಿಗೆ ಇಂಥ ಮಗಳು ಹೇಗೆ ಹುಟ್ಟಿದಳೋ.

ಹುಡುಗಿ ಪುಸ್ತಕವನ್ನು ಅವಳ ಕಡೆ ತಿರುಗಿಸಿದಳು. "ಜ. ದೊ." ಅಂಕಣದ ಪಕ್ಕ ಹೊಸದಾಗಿ ಒಂದು ಗೆರೆ ಎಳೆದು, ಮೇಲೆ "ಡೊಂಕು" ಎಂದು ಬರೆದಿದ್ದಳು. ಜಲಜ ಹಿಂದಿನ ಹಾಳೆಗಳನ್ನೂ ತಿರುವಿ ನೋಡಿದಳು. ಎಂಟು ದಿನದಲ್ಲಿ ಅವಳು "ಬ್ಯಾಡ" ಎಂದದ್ದು ಒಂಬತ್ತು ಸಲ. ಒಂಬತ್ತಕ್ಕೂ ಎದುರಿಗೆ ಸರಿ ಎಂಬ ಗುರುತು ಇತ್ತು. ಮೊದಲ ಹಾಳೆಯ ಮೇಲ್ತುದಿಯಲ್ಲಿ, ಮುಳ್ಳುಸೌತೆ ವಾಸನೆ, ಹೇಳಿಕೊಟ್ಟವರು ಉಪ್ಪುಂದದ ಜಲಜ, ಎಂದು ಬರೆದಿತ್ತು. ಹೇಳಿಕೊಟ್ಟವರು ನಾನಲ್ಲ, ನನ್ನ ಅಮ್ಮ, ಎಂದು ತಿದ್ದಬೇಕೆನ್ನಿಸಿತು. ಆಮೇಲೆ, ಇರಲಿ, ಎಂದುಕೊಂಡಳು. ಒಂದಾದರೂ ತನ್ನ ಹೆಸರಿನಲ್ಲಿ ಇರಲಿ.

ಹನ್ನೆರಡು ಗಂಟೆಯ ಬಸ್ಸು ಆನೆಗುಡ್ಡೆಗೆ ಹೋಗುವ ಭಕ್ತರನ್ನು ತುಂಬಿಕೊಂಡು ಹೆದ್ದಾರಿಯಲ್ಲಿ ಹಾರ್ನ್ ಹೊಡೆಯುತ್ತಾ ದಾಟಿತು. ಹುಡುಗಿ ಬೆಳಿಗ್ಗೆ ಐದರಿಂದ ಏನೂ ತಿಂದಿರಲಿಲ್ಲ. ಅವಳ ಚೀಲದಲ್ಲಿ ದಿನವೂ ಒಂದು ಬಿಸ್ಕತ್ತಿನ ಪ್ಯಾಕೆಟ್ಟು ಮಾತ್ರ ಇರುತ್ತದೆ ಎಂದು ಜಲಜ ಎಂಟು ದಿನದಿಂದ ಕಂಡಿದ್ದಳು, ಕಂಡು ಸುಮ್ಮನಿದ್ದಳು.

ಅವಳು ತನ್ನ ಬುತ್ತಿಯನ್ನು ತಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಬಿಚ್ಚಿದಳು. ಮೇಲಿನ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ. ಕೆಳಗಿನದರಲ್ಲಿ ಬಂಗುಡೆಯ ಗಸಿ, ಗಟ್ಟಿ ಮಸಾಲೆಯಲ್ಲಿ ಎರಡು ತುಂಡು: ಒಂದು ನಡುವಿನದು, ಒಂದು ಬಾಲದ್ದು. ಯಾವುದನ್ನು ಕೊಡುವುದು ಎಂದು ಒಂದು ಗಳಿಗೆ ಯೋಚಿಸಿದಳು, ಯೋಚಿಸಿದ್ದಂತೂ ಹೌದು. ಆಮೇಲೆ ಅರ್ಧ ಅನ್ನವನ್ನು ಮುಚ್ಚಳಕ್ಕೆ ತೆಗೆದು, ಅದರ ಮೇಲೆ ಬಾಲದ ತುಂಡನ್ನು ತನಗಿಟ್ಟುಕೊಂಡಳು. ನಡುವಿನ ತುಂಡನ್ನು ಗಸಿಯ ಸಮೇತ ಡಬ್ಬಿಯ ಅನ್ನದ ಮೇಲೆ ಸುರಿದು, ಕಪ್ಪು ಪೆಟ್ಟಿಗೆಯನ್ನು ಒಂದು ಗೇಣು ಆಚೆ ಸರಿಸಿ, ಆ ಜಾಗದಲ್ಲಿ ಡಬ್ಬಿಯನ್ನು ಹುಡುಗಿಯ ಮುಂದೆ ಇಟ್ಟಳು.